ಡಿಗ್ರಿಯ ಲೆಕ್ಕ, ಮಾತಿನ ಲೆಕ್ಕ

“ನಿನ್ನೆ ರಾತ್ರಿ ಯಲಹಂಕದಲ್ಲಿ ಉಷ್ಣಾಂಶ ಮೂರು ಡಿಗ್ರಿಗೆ ಇಳಿಯಿತಂತೆ” ಎಂದು ಯಾರಾದರೂ ಹೇಳಿದರೆ ನಂಬಲು ಸ್ವಲ್ಪ ತಡೆಯಿರಿ. ಬೆಂಗಳೂರಿನ ದಾಖಲೆಯಲ್ಲಿರುವ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ ಸೆಲ್ಸಿಯಸ್. ಅದು 1884ರ ಜನವರಿ 13ರ ಮಾತು. ಹೇಳಿದವರ ಮನಸ್ಸಿನಲ್ಲಿದ್ದುದು “ಮೂರು ಡಿಗ್ರಿಯಷ್ಟು ಇಳಿಯಿತು” ಎಂಬುದಾಗಿರಬೇಕು. ‘ಡಿಗ್ರಿಗೆ’ ಎಂದರೆ ಎಲ್ಲಿಗೆ ಮುಟ್ಟಿತು ಎಂದು; ‘ಡಿಗ್ರಿಯಷ್ಟು’ ಎಂದರೆ ಎಷ್ಟು ಸರಿಯಿತು ಎಂದು. ಹೆಬ್ಬಾಳಕ್ಕೆ ಹೋದೆ ಎನ್ನುವುದಕ್ಕೂ ಎರಡು ಮೈಲಿ ಹೋದೆ ಎನ್ನುವುದಕ್ಕೂ ಇರುವ ಅಂತರವೇ ಇದು. ಕನ್ನಡದ ಪ್ರತ್ಯಯ ಇಷ್ಟು ಅಚ್ಚುಕಟ್ಟಾಗಿರುವಾಗ ನಾವು ಅದನ್ನು ಏಕೆ ಕಲಸುಮೇಲೋಗರ ಮಾಡಬೇಕು?

“ಬಿಸಿಲು ಮೂವತ್ತೆಂಟು ಡಿಗ್ರಿ” ಎಂಬ ಮಾತೂ ಸರಿಯಲ್ಲ. ಹವಾಮಾನ ಇಲಾಖೆಯವರು ಅಳೆಯುವುದು ಬಿಸಿಲನ್ನಲ್ಲ; ಗಾಳಿಯಾಡುವ ಬಿಳಿಯ ಪೆಟ್ಟಿಗೆಯೊಳಗಿನ ನೆರಳಿನ ಗಾಳಿಯನ್ನು. 2016ರ ಏಪ್ರಿಲಿನಲ್ಲಿ ನಗರ ಕಂಡ 39.2 ಡಿಗ್ರಿಯೂ ನೆರಳಿನದೇ. ಇನ್ನು, ಬಿಸಿಯಾಗುವುದು ಗಾಳಿ, ನೀರು, ಹಾಲು. ಉಷ್ಣಾಂಶ ಬಿಸಿಯಾಗುವುದಿಲ್ಲ, ಹೆಚ್ಚುತ್ತದೆ.

ಬೆಳಿಗ್ಗೆ 15 ಇದ್ದುದು ಮಧ್ಯಾಹ್ನ 30 ಆದರೆ “ಎರಡರಷ್ಟು ಬಿಸಿ” ಎನ್ನುವವರುಂಟು. ಅದನ್ನೇ ಫ್ಯಾರನ್‌ಹೀಟಿನಲ್ಲಿ ಹೇಳಿದರೆ 59 ಮತ್ತು 86. ಎರಡರಷ್ಟು ಎಲ್ಲಿ ಹೋಯಿತು? ಸೆಲ್ಸಿಯಸ್ ಸೊನ್ನೆ ನೀರು ಹೆಪ್ಪುಗಟ್ಟುವ ಗುರುತು ಮಾತ್ರ, ಶಾಖವೇ ಇಲ್ಲದ ಸ್ಥಿತಿಯಲ್ಲ. “ಹದಿನೈದು ಡಿಗ್ರಿ ಏರಿತು” ಎಂದರೆ ಸಾಕು.

ನಿಜವಾದ ತೊಡಕು ಬರುವುದು ಜ್ವರದಲ್ಲಿ. ಹವೆಯ ವರದಿ ಸೆಲ್ಸಿಯಸ್‌ನಲ್ಲಿ. ಮನೆಮಾತಿನಲ್ಲಿ ಜ್ವರ ಮಾತ್ರ ಇಂದಿಗೂ “ನೂರೆರಡು”, ಅಂದರೆ ಫ್ಯಾರನ್‌ಹೀಟ್. ಯಶವಂತಪುರದ ತಾಯಿಯೊಬ್ಬರು ವೈದ್ಯರಿಗೆ ದೂರವಾಣಿಯಲ್ಲಿ “ಮಗುವಿಗೆ ಎರಡು ಡಿಗ್ರಿ ಜಾಸ್ತಿ” ಎಂದರು ಎನ್ನೋಣ. ಮೈಯ ಸಹಜ ಉಷ್ಣಾಂಶವನ್ನು 37 ಸೆಲ್ಸಿಯಸ್, ಅಂದರೆ 98.6 ಫ್ಯಾರನ್‌ಹೀಟ್ ಎಂದಿಟ್ಟುಕೊಂಡರೆ, ಫ್ಯಾರನ್‌ಹೀಟಿನ ಎರಡು ಡಿಗ್ರಿ ಏರಿದಾಗ ಅದು 100.6, ಸೆಲ್ಸಿಯಸ್‌ನ ಎರಡು ಡಿಗ್ರಿ ಏರಿದಾಗ 102.2. ಎರಡನೆಯದು ಜೋರು ಜ್ವರ. ಶಾಲೆಯ ಸೂತ್ರ ನೆನಪಿರುವವರು 2ನ್ನು 1.8ರಿಂದ ಗುಣಿಸಿ 32 ಕೂಡಿಸಿ 35.6 ಎಂದಾರು. ಆ 32 ಮಾಪಕದ ಅಂಕಿಗೆ ಮಾತ್ರ, ಏರಿಳಿತಕ್ಕೆ ಕೂಡಿಸುವಂತಿಲ್ಲ. ಎರಡು ಸೆಲ್ಸಿಯಸ್ ಡಿಗ್ರಿ ಏರಿಕೆಯೆಂದರೆ 3.6 ಫ್ಯಾರನ್‌ಹೀಟ್ ಡಿಗ್ರಿ, ಅಷ್ಟೆ.

ಆದ್ದರಿಂದ ವೈದ್ಯರ ಮುಂದೆ ಜಾಸ್ತಿ ಕಡಿಮೆಯ ಲೆಕ್ಕ ಬೇಡ. ಮಾಪಕದಲ್ಲಿ ಕಂಡ ಅಂಕಿ, ಅದು ಯಾವ ಅಳತೆಯದು, ಎಷ್ಟು ಗಂಟೆಗೆ ನೋಡಿದ್ದು, ಇಷ್ಟನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡು ಓದಿ ಹೇಳಿ.