ತೆನೆ ಬಿಟ್ಟವರು, ತೆನೆ ಆಯ್ದವರು

(ಮಾತೆ ಮರಿಯಮ್ಮನವರ ಜನನೋತ್ಸವದಂದು ನೀಡಿದ ಪ್ರಬೋಧನೆ)



ಒಂಬತ್ತು ದಿನಗಳ ನವೇನ ಮುಗಿಸಿ ಇಂದು ಸೆಪ್ಟೆಂಬರ್ 8ರಂದು ನಮ್ಮ ತಾಯಿ ಮರಿಯಮ್ಮನವರ ಹುಟ್ಟುಹಬ್ಬಕ್ಕೆ ನಾವೆಲ್ಲ ಒಟ್ಟುಗೂಡಿದ್ದೇವೆ. ಹೊಸಪೇಟೆಯವರು ನಡೆದು ಬಂದಿದ್ದೀರಿ. ಸಂಡೂರಿನವರು ನಸುಕಿನಲ್ಲೇ ಎದ್ದು ವ್ಯಾನು ಹತ್ತಿದ್ದೀರಿ. ಕಂಪ್ಲಿಯವರು ಬಸ್ಸಿನಲ್ಲಿ ನಿಂತುಕೊಂಡೇ ಬಂದಿರೆಂದು ಕೇಳಿದೆವು. ಹಂಪಿ, ಕಮಲಾಪುರದ ಕಡೆಯ ಕುಟುಂಬಗಳೂ ಇಲ್ಲಿವೆ. ನಿಮ್ಮೆಲ್ಲರಿಗೂ ಹಬ್ಬದ ಶುಭಾಶಯಗಳು.

ಕರಾವಳಿಯ ನಮ್ಮ ಸಹೋದರರು ಇದೇ ದಿನ ಮೊಂತಿ ಹಬ್ಬ ಆಚರಿಸುತ್ತಾರೆ. ಹೊಸ ಭತ್ತದ ತೆನೆಯನ್ನು ದೇವಾಲಯದಲ್ಲಿ ಆಶೀರ್ವದಿಸಿ ಮನೆಗೆ ಒಯ್ಯುತ್ತಾರೆ; ಅದರ ಕಾಳನ್ನು ಹಾಲಿನಲ್ಲಿ ಬೆರೆಸಿ ಮನೆಮಂದಿಯೆಲ್ಲ ಹಂಚಿಕೊಂಡು ಕುಡಿಯುತ್ತಾರೆ. ನಮ್ಮ ಕಂಪ್ಲಿಯ ಗದ್ದೆಗಳಲ್ಲಿ ಈಗ ತೆನೆ ಎಲ್ಲಿಂದ ಬರಬೇಕು? ಕಾಲುವೆಗೆ ನೀರು ಬಿಟ್ಟ ಮೇಲೆ ನಾಟಿಯಾಗಿ, ಪೈರು ಈಗಷ್ಟೇ ಬೇರು ಹಿಡಿದಿದೆ. ಆದ್ದರಿಂದ ನಾವು ಪೀಠದ ಮುಂದೆ ಇಟ್ಟಿರುವುದು ಹಸಿರು ಪೈರಿನ ಕಟ್ಟನ್ನು. ಕೈಗೆ ಬಂದ ತೆನೆಗಾಗಿ ದೇವರನ್ನು ಸ್ತುತಿಸುವುದು ಒಂದು ಬಗೆ. ಬರುತ್ತದೋ ಇಲ್ಲವೋ ತಿಳಿಯದ ತೆನೆಗಾಗಿ ಸ್ತುತಿಸುವುದು ಇನ್ನೊಂದು ಬಗೆ. ತುಂಗಭದ್ರೆಯ ದಂಡೆಯವರಾದ ನಮಗೆ ಈ ಎರಡನೆಯದೇ ಹೆಚ್ಚಾಗಿ ಒದಗಿ ಬಂದಿದೆ.

ಇಂದಿನ ಶುಭಸಂದೇಶದಲ್ಲಿ ಮತ್ತಾಯನು ಕೊಡುವ ಹೆಸರುಗಳ ಪಟ್ಟಿ ಓದುವಾಗ ಹಿಂದಿನ ಸಾಲಿನಲ್ಲಿ ಕೆಲವರು ತೂಕಡಿಸಿದ್ದನ್ನು ನೋಡಿದೆವು. ತಪ್ಪೇನಿಲ್ಲ, ನಸುಕಿನಲ್ಲಿ ಎದ್ದವರು. ಆದರೆ ಆ ಪಟ್ಟಿಯಲ್ಲಿ ಗಂಡಸರ ಹೆಸರುಗಳ ನಡುವೆ ರೂತಳ ಹೆಸರು ಬಂದದ್ದನ್ನು ಗಮನಿಸಿದಿರಾ? ಮೋವಾಬಿನಿಂದ ಬಂದ ಪರದೇಶದ ವಿಧವೆ. ಅತ್ತೆಯ ಕೈಬಿಡದೆ ಬೆತ್ಲೆಹೇಮಿಗೆ ಬಂದವಳು. ಇನ್ನೊಬ್ಬರ ಹೊಲದಲ್ಲಿ ಕೊಯ್ಲುಗಾರರ ಹಿಂದೆ ಹೋಗಿ ಉದುರಿದ ತೆನೆ ಆಯ್ದು ಅತ್ತೆಗೂ ತನಗೂ ಹೊಟ್ಟೆ ತುಂಬಿಸಿದವಳು. ಸುಗ್ಗಿಯ ಕಾಲದಲ್ಲಿ ಕಂಪ್ಲಿಯ ಗದ್ದೆಗಳಲ್ಲಿ ತೆನೆ ಆಯುವ ಅಜ್ಜಿಯರನ್ನು ನೀವು ಕಂಡಿದ್ದೀರಿ. ಅಂಥವರೊಬ್ಬಳು ನಮ್ಮ ಪ್ರಭುವಿನ ವಂಶಾವಳಿಯಲ್ಲಿದ್ದಾಳೆ. ಅವಳ ಮಾತಿಗೆ ಆಮೇಲೆ ಬರೋಣ.

ಹಬ್ಬಕ್ಕೆ ಎಂಥ ವಿಷಯ ಹೇಳಬೇಕು ಎಂದು ಕೇಳಿದಾಗ ನಿಮ್ಮಲ್ಲಿ ಹಲವರು, ಸಂತ ಪೌಲನು ಫಿಲಿಪ್ಪಿಯರಿಗೆ ಬರೆದ ಪತ್ರದ ನಾಲ್ಕನೆಯ ಅಧ್ಯಾಯದ ಬಗ್ಗೆ ಹೇಳಿ ಫಾದರ್ ಎಂದಿರಿ. ಕೊರತೆಯಲ್ಲೂ ಸಮೃದ್ಧಿಯಲ್ಲೂ ತೃಪ್ತನಾಗಿರಲು ತಾನು ಕಲಿತಿದ್ದೇನೆ, ತನಗೆ ಬಲ ಕೊಡುವಾತನಿಂದ ಯಾವುದನ್ನೂ ಎದುರಿಸಬಲ್ಲೆ ಎಂದು ಆತ ಅಲ್ಲಿ ಬರೆಯುತ್ತಾನೆ. ಈ ಮಾತು ನಮಗೆ ಎಷ್ಟು ಪ್ರಿಯವೆಂದರೆ ಆಟೋದ ಹಿಂದೆ, ಬೈಕಿನ ಮೇಲೆ, ಮಕ್ಕಳ ಪರೀಕ್ಷೆಯ ಪ್ಯಾಡಿನ ಮೇಲೆ ಅದರ ಸ್ಟಿಕ್ಕರ್ ಕಾಣುತ್ತೇವೆ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಓದದೆ ಹೋದವನಿಗೂ ಆ ವಾಕ್ಯ ಪಾಸು ಮಾಡಿಸೀತು ಎಂಬ ನಂಬಿಕೆ ನಮ್ಮ ಕೆಲವು ಮನೆಗಳಲ್ಲಿದೆ! ಪೌಲ ಅದನ್ನು ಬರೆದದ್ದು ಸೆರೆಮನೆಯಿಂದ. ಗೆದ್ದು ಬಂದವನ ಜಯಘೋಷ ಅದಲ್ಲ, ಮುಂದೆ ಬದುಕೋ ಸಾವೋ ಎಂದು ತಿಳಿಯದೆ ಕುಳಿತವನ ಮಾತು.

ಈ ವಾಕ್ಯವನ್ನು ನಾವೇ ಒಮ್ಮೆ ತಪ್ಪಾಗಿ ಬಳಸಿದ್ದೇವೆ. ಅದನ್ನು ಇಂದು ನಿಮ್ಮ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

2011ನೇ ಇಸವಿ. ನಮಗೆ ಗುರುದೀಕ್ಷೆಯಾಗಿ ಎರಡು ವರ್ಷ ಆಗಿತ್ತಷ್ಟೇ. ಗುರುಮಠದಲ್ಲಿ ಕಲಿತ ಗ್ರೀಕ್ ಪದಗಳು ಇನ್ನೂ ನಾಲಿಗೆಯ ತುದಿಯಲ್ಲಿದ್ದವು. ಅದಕ್ಕೆ ಹಿಂದಿನ ಏಳೆಂಟು ವರ್ಷ ಸಂಡೂರಿನ ಬೆಟ್ಟಗಳಿಂದ ಹಗಲೂ ರಾತ್ರಿ ಅದಿರಿನ ಲಾರಿಗಳು ಇಳಿದದ್ದು ನಿಮಗೆ ಗೊತ್ತು. ಚೀನಾದಲ್ಲಿ ಅದಿರಿಗೆ ಬೆಲೆ ಬಂದು, ನಮ್ಮಲ್ಲಿ ಹೊಲ ಮಾರಿ, ಒಡವೆ ಅಡವಿಟ್ಟು ಸಾಲದಲ್ಲಿ ಲಾರಿ ಕೊಂಡವರೆಷ್ಟೋ ಮಂದಿ. ಮರದ ಎಲೆ ಕೆಂಪು, ಒಣಹಾಕಿದ ಬಟ್ಟೆ ಕೆಂಪು, ಮಕ್ಕಳ ಕೆಮ್ಮಿನಲ್ಲೂ ಅದೇ ಧೂಳು. ಆ ವರ್ಷ ಜುಲೈನಲ್ಲಿ ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆಯವರ ವರದಿ ಬಂತು. ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯಲ್ಲಿ ಗಣಿಗಾರಿಕೆಯನ್ನೇ ನಿಲ್ಲಿಸಿತು. ನಿಲ್ಲಿಸಲೇಬೇಕಾಗಿತ್ತು; ಕಾಡು ಬೆಟ್ಟಗಳನ್ನು ಹಾಗೆ ಬಗೆಯುವುದು ದೇವರ ಸೃಷ್ಟಿಗೆ ಮಾಡಿದ ದ್ರೋಹವೇ. ಆದರೆ ಲೂಟಿ ಹೊಡೆದವರು ಬೇರೆ, ಮರುದಿನ ಬೆಳಿಗ್ಗೆ ಕೆಲಸವಿಲ್ಲದೆ ಎದ್ದವರು ಬೇರೆ. ಡ್ರೈವರು, ಕ್ಲೀನರು, ಲೋಡಿಂಗ್ ಕೂಲಿಯವರು, ಪಂಕ್ಚರ್ ಅಂಗಡಿಯವನು, ದಾರಿಬದಿಯಲ್ಲಿ ಮಿರ್ಚಿ ಬಜ್ಜಿ ಕರಿಯುತ್ತಿದ್ದ ತಾಯಿ. ಅದೇ ಜುಲೈ ಕೊನೆಯ ದಿನಗಳಲ್ಲಿ ಹಂಪಿಯ ಬಜಾರಿನ ಸಾಲುಮಂಟಪಗಳಲ್ಲಿ ಬದುಕು ಕಟ್ಟಿಕೊಂಡಿದ್ದ ಕುಟುಂಬಗಳ ಮನೆ, ಅಂಗಡಿಗಳನ್ನೂ ತೆರವುಗೊಳಿಸಲಾಯಿತು. ಸ್ಮಾರಕ ಉಳಿಯಬೇಕು, ಸರಿ. ಆದರೆ ಪಾತ್ರೆಪಗಡೆ ಬೀದಿಯಲ್ಲಿಟ್ಟುಕೊಂಡು ಕುಳಿತ ತಾಯಂದಿರನ್ನು ನೋಡಿದವರಿಗೆ ಆ ನೋಟ ಮರೆಯುವುದಿಲ್ಲ.

ಆಗ ಸಂಡೂರಿನ ಕಡೆಯ ನಮ್ಮ ಧರ್ಮಕೇಂದ್ರದ ಒಬ್ಬ ಸಹೋದರರ ಲಾರಿ ಮನೆಯ ಮುಂದೆ ನಿಂತು ಮೂರು ತಿಂಗಳಾಗಿತ್ತು. ಕಂತು ಕಟ್ಟಲಾಗದೆ ಫೈನಾನ್ಸಿನವರು ದಿನಾ ಬಂದು ಬಾಗಿಲಲ್ಲಿ ಕೂರುತ್ತಿದ್ದರು. ಅವರು ನಮ್ಮ ಬಳಿ ಬಂದರು. ನಾವು ಬೈಬಲ್ ತೆರೆದು ಫಿಲಿಪ್ಪಿಯರ ನಾಲ್ಕನೆಯ ಅಧ್ಯಾಯ ಓದಿ, ಇದ್ದ ಸ್ಥಿತಿಯಲ್ಲಿ ತೃಪ್ತರಾಗಿರಬೇಕು ಎಂದು ಬಹಳ ಚೆನ್ನಾಗಿ ವಿವರಿಸಿದೆವು. ತೃಪ್ತಿ ಎಂಬುದಕ್ಕೆ ಪೌಲ ಬಳಸಿದ ಗ್ರೀಕ್ ಪದದ ಅರ್ಥವನ್ನೂ ಹೇಳಿದೆವೇನೋ! ಅವರು ಪೂರ್ತಿ ಕೇಳಿಸಿಕೊಂಡು ಎದ್ದು ನಿಂತರು. "ಮಾತು ಚೊಲೋ ಐತ್ರಿ ಫಾದರ್. ಇದನ್ನ ಫೈನಾನ್ಸಿನವ್ರಿಗೂ ಒಂಚೂರು ಓದಿ ಹೇಳ್ರಿ" ಎಂದು ಹೊರಟುಹೋದರು. ಮುಂದಿನ ಭಾನುವಾರ ಬಲಿಪೂಜೆಗೆ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಕ್ರಿಸ್ಮಸ್ಸಿಗೂ ಬರಲಿಲ್ಲ.

ನಾವು ಎಡವಿದ್ದು ಎಲ್ಲಿ? ಓದಿದ್ದು ಸರಿಯಾಗಿಯೇ ಇತ್ತು, ಆದರೆ ಒಂದು ವಾಕ್ಯ ಮೊದಲೇ ಪುಸ್ತಕ ಮುಚ್ಚಿದ್ದೆವು. ಹದಿಮೂರನೆಯ ವಾಕ್ಯ ಸ್ಟಿಕ್ಕರಿನಲ್ಲಿದೆ. ಹದಿನಾಲ್ಕನೆಯದು ಯಾವ ಸ್ಟಿಕ್ಕರಿನಲ್ಲೂ ಇಲ್ಲ. ಆದರೂ ನನ್ನ ಸಂಕಟದಲ್ಲಿ ನೀವು ಪಾಲುಗೊಂಡದ್ದು ಒಳ್ಳೆಯದಾಯಿತು ಎಂದು ಅಲ್ಲಿ ಪೌಲ ಫಿಲಿಪ್ಪಿಯವರಿಗೆ ಹೇಳುತ್ತಾನೆ. ಹಿಂದೆಯೂ ತನ್ನ ಕೊರತೆಗೆ ಅವರು ಒಂದೆರಡು ಸಲ ನೆರವು ಕಳುಹಿಸಿದ್ದನ್ನು ನೆನೆಯುತ್ತಾನೆ. ಆ ಕಾಲದ ಸೆರೆಯಲ್ಲಿದ್ದವರಿಗೆ ಊಟ, ಬಟ್ಟೆಗೆ ಬಂಧುಗಳೋ ಸ್ನೇಹಿತರೋ ಆಗಬೇಕಿತ್ತು. ಫಿಲಿಪ್ಪಿಯವರು ಸಾಹುಕಾರರೇನಲ್ಲ. ಆದರೂ ತಮ್ಮಲ್ಲಿದ್ದುದನ್ನು ಕೂಡಿಸಿ ಎಪಫ್ರೊದೀತನ ಕೈಯಲ್ಲಿ ಕಳುಹಿಸಿದರು. ಅವನು ಆ ಕೆಲಸದಲ್ಲಿ ಕಾಯಿಲೆ ಬಿದ್ದು ಸಾವಿನ ಬಾಗಿಲಿನವರೆಗೂ ಹೋಗಿಬಂದ. ಅಂದರೆ ನಮಗೆ ಅಷ್ಟು ಪ್ರಿಯವಾದ ಆ ಮಾತು ಒಂದು ಕೃತಜ್ಞತಾ ಪತ್ರದ ಭಾಗ. ತೃಪ್ತಿಯನ್ನು ಪೌಲನು ತನ್ನ ಬಗ್ಗೆ ಹೇಳಿಕೊಂಡ, ಹಸಿದವನಿಗೆ ಬೋಧಿಸಲಿಲ್ಲ.

ಅವನ ಕಾಲದ ಸ್ತೋಯಿಕ ಪಂಡಿತರಿಗೂ ಇದೇ ಪದ ಪ್ರಿಯವಾಗಿತ್ತು. ಯಾರ ಹಂಗೂ ಇಲ್ಲದೆ, ಸುಖದುಃಖ ಯಾವುದೂ ತಟ್ಟದೆ, ತನ್ನಲ್ಲೇ ತಾನು ಪೂರ್ಣನಾಗಿರುವವನೇ ಜ್ಞಾನಿ ಎಂಬುದು ಅವರ ನೋಟ. ಪೌಲ ಅವರ ಪದವನ್ನು ತೆಗೆದುಕೊಂಡು ಅದರ ಬೇರನ್ನೇ ಬದಲಿಸಿದ. ನನ್ನ ಬಲ ನನ್ನದಲ್ಲ, ಕ್ರಿಸ್ತನದು; ಅದು ನನಗೆ ಎಪಫ್ರೊದೀತನ ಕೈಯಿಂದಲೂ ಬರುತ್ತದೆ. ಎಲ್ಲವನ್ನೂ ಎದುರಿಸಬಲ್ಲೆ ಎಂದವನೇ ಇನ್ನೊಬ್ಬರು ತಂದುಕೊಟ್ಟದ್ದನ್ನು ಸಂಕೋಚವಿಲ್ಲದೆ ಕೈಯೊಡ್ಡಿ ಪಡೆದ. ನಮ್ಮ ಮನೆಗಳ ಗಂಡಸರಿಗೆ ಇದು ಬಲು ಕಷ್ಟ.

ಇಂಥ ಒಬ್ಬರು ನಮ್ಮ ಕಾಲದಲ್ಲೇ ಇದ್ದರು. ವಿಯೆಟ್ನಾಂ ದೇಶದ ಮಹಾಧರ್ಮಾಧ್ಯಕ್ಷ ವಾನ್ ತುವಾನ್. 1975ರಲ್ಲಿ, ಆಗಸ್ಟ್ 15ರ ಮಾತೆಯ ಸ್ವರ್ಗಾರೋಹಣದ ಹಬ್ಬದಂದೇ ಅವರನ್ನು ಬಂಧಿಸಿದರು. 13 ವರ್ಷ ಸೆರೆ, ಅದರಲ್ಲಿ 9 ವರ್ಷ ಒಂಟಿ ಕೋಣೆ. ಬಿಡುಗಡೆಯಾದದ್ದು 1988ರ ನವೆಂಬರ್ 21, ಅದೂ ಮಾತೆಯ ಹಬ್ಬವೇ. ಸೆರೆಯಲ್ಲಿ ಅಂಗೈಯನ್ನೇ ಪಾತ್ರೆಯಾಗಿಸಿ, ಮೂರು ತೊಟ್ಟು ದ್ರಾಕ್ಷಾರಸ, ಒಂದು ತೊಟ್ಟು ನೀರಿನಿಂದ ಬಲಿಪೂಜೆ ಅರ್ಪಿಸುತ್ತಿದ್ದರು. ಅವರ ಧೈರ್ಯದ ಬಗ್ಗೆ ನಾವು ಪ್ರಬೋಧನೆಗಳಲ್ಲಿ ಹೇಳುತ್ತಲೇ ಇರುತ್ತೇವೆ. ಆ ದ್ರಾಕ್ಷಾರಸ ಎಲ್ಲಿಂದ ಬಂತು ಎಂದು ಕೇಳುವುದಿಲ್ಲ. ಹೊರಗಿನ ಅವರ ಜನರು, ಹೊಟ್ಟೆನೋವಿನ ಔಷಧಿ ಎಂದು ಚೀಟಿ ಅಂಟಿಸಿ ಪುಟ್ಟ ಸೀಸೆಯಲ್ಲಿ ಕಳುಹಿಸಿದ್ದು ಅದು.

ಸಂಡೂರಿನ ಆ ಸಹೋದರರಿಗೆ ಏನಾಯಿತು ಎಂದು ಕೇಳುತ್ತೀರಿ. ನಮ್ಮಿಂದ ಏನೂ ಆಗಲಿಲ್ಲ. ಕಂಪ್ಲಿ ಕಡೆಯ ತಾಯಂದಿರು ದಿನಾ ಅಡುಗೆಗೆ ಅಕ್ಕಿ ಹಾಕುವಾಗ ಒಂದು ಹಿಡಿ ತೆಗೆದು ಬೇರೆ ಡಬ್ಬಿಯಲ್ಲಿ ಇಡುತ್ತಿದ್ದರು. ತಿಂಗಳಿಗೊಮ್ಮೆ ಅದು ದೇವಾಲಯಕ್ಕೆ ಬರುತ್ತಿತ್ತು. ಅದರಲ್ಲಿ ಹೆಚ್ಚಿನವರು ನಾಟಿ, ಕಳೆ ಕೀಳುವ ಕೂಲಿಯವರೇ. 2012ರ ತಪಸ್ಸುಕಾಲದಲ್ಲಿ ಅವರು ನಮ್ಮನ್ನು ಒಂದು ಮಾತೂ ಕೇಳದೆ, ಆ ಅಕ್ಕಿಯ ಚೀಲವನ್ನು ಬಸ್ಸಿನ ಮೇಲೆ ಹಾಕಿಸಿ ಸಂಡೂರಿಗೆ ಒಯ್ದು ಆ ಮನೆಯಲ್ಲಿ ಇಳಿಸಿದರು. ನಾಲ್ಕು ಜನ ಹೋಗಿದ್ದರಂತೆ. ಮನೆಯಾಕೆಯ ಜತೆ ಕುಳಿತು ಜಪಸರ ಮಾಡಿ, ಚಹಾ ಕುಡಿದು ಹಿಂದಿನ ಬಸ್ಸಿಗೆ ಬಂದರು. ಬೈಬಲ್ ಓದಲಿಲ್ಲ, ಗ್ರೀಕಂತೂ ಇಲ್ಲವೇ ಇಲ್ಲ. ಲಾರಿ ಉಳಿಯಲಿಲ್ಲ, ಫೈನಾನ್ಸಿನವರು ಎಳೆದುಕೊಂಡೇ ಹೋದರು. ಸಾಲ ತೀರಲು ಮತ್ತೆ ಆರು ವರ್ಷ ಹಿಡಿಯಿತು. ಆದರೆ ಆ ಪಾಸ್ಕ ಹಬ್ಬಕ್ಕೆ ಆ ಕುಟುಂಬ ದೇವಾಲಯದಲ್ಲಿತ್ತು. ಪರಮಪ್ರಸಾದ ಕೊಡುವಾಗ ನಮ್ಮ ಕೈ ನಡುಗಿದ್ದು ನಮಗೆ ನೆನಪಿದೆ.

ಆದ್ದರಿಂದ ಪ್ರಿಯರೇ, ತೃಪ್ತಿ ಎಂಬ ಮಾತನ್ನು ಎಚ್ಚರದಿಂದ ಆಡೋಣ. ಕೂಲಿ ತಡೆಹಿಡಿದವನು ಕೂಲಿಯವನಿಗೆ ತೃಪ್ತನಾಗಿರು ಎಂದರೆ ಅದು ಅಪಹಾಸ್ಯ. ಹಿಡಿದಿಟ್ಟ ಕೂಲಿಯೇ ದೇವರ ಮುಂದೆ ಕೂಗುತ್ತದೆ ಎಂದು ಸಂತ ಯಕೋಬನ ಪತ್ರ ಎಚ್ಚರಿಸುತ್ತದೆ. ದುಡಿದವನಿಗೆ ಬದುಕಲು ಸಾಲುವಷ್ಟು ನ್ಯಾಯವಾದ ಸಂಬಳ ಕೊಡಬೇಕೆಂದು 1891ರಲ್ಲೇ ಜಗದ್ಗುರು ಹದಿಮೂರನೆಯ ಲಿಯೋ ವಿಶ್ವಪತ್ರ ಬರೆದರು. ನಮ್ಮ ತಾಯಿ ಮರಿಯಮ್ಮನವರು ದೇವರ ಚಿತ್ತಕ್ಕೆ ತಲೆಬಾಗಿದವರು, ನಿಜ. ಆದರೆ ಎಲಿಜಬೇತಳ ಮನೆಯಲ್ಲಿ ಅವರು ಹಾಡಿದ ಸ್ತುತಿಯಲ್ಲಿ ಹಸಿದವರ ಹೊಟ್ಟೆ ತುಂಬುತ್ತದೆ, ಐಶ್ವರ್ಯವಂತರು ಬರಿಗೈಯಲ್ಲಿ ಹೋಗುತ್ತಾರೆ.

ಹಂಪಿಯ ಹಾಳು ಮಂಟಪಗಳನ್ನು ತೋರಿಸಿ, ನೋಡಿ, ಲೋಕದ ವೈಭವವೆಲ್ಲ ಇಷ್ಟೇ ಎನ್ನುವ ಪ್ರಬೋಧನೆಯನ್ನೂ ನಾವು ಮಾಡಿದ್ದುಂಟು. 2020ರಲ್ಲಿ ಕೊರೋನಾ ಬಂದು ಪ್ರವಾಸಿಗರು ನಿಂತಾಗ ಒಬ್ಬ ಗೈಡ್ ಹೇಳಿದ ಮಾತಿನಿಂದ ಅದನ್ನು ಬಿಟ್ಟೆವು. "ನಿಮಗ ಅದು ಹಾಳುಬಿದ್ದ ಕಲ್ಲು ಫಾದರ್, ನಮಗ ಅದು ಅಕ್ಕಿ."

ಇನ್ನು 2024ರ ಆಗಸ್ಟ್ 10ರ ರಾತ್ರಿ. ನಮ್ಮ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಜಲಾಶಯ ಭರ್ತಿಯಾಗಿತ್ತು, ಗದ್ದೆಗಳಲ್ಲಿ ನಾಟಿ ನಡೆದಿತ್ತು. ಉಳಿದ ಗೇಟುಗಳ ಮೇಲೆ ಒತ್ತಡ ಬೀಳದಂತೆ ಅವನ್ನೂ ತೆರೆದು, ವರ್ಷದ ಅನ್ನವನ್ನೇ ನದಿಗೆ ಬಿಡಬೇಕಾಯಿತು. ನದಿದಂಡೆಯವರಿಗೆ ಪ್ರವಾಹದ ಭಯ, ಕಾಲುವೆಯವರಿಗೆ ಬರದ ಭಯ, ಎರಡೂ ಒಂದೇ ರಾತ್ರಿ. ಆ ರಾತ್ರಿ ನಮಗೆ ನಿದ್ದೆ ಹತ್ತಲಿಲ್ಲ. ಸಂತೃಪ್ತಿಯ ವಾಕ್ಯವೂ ಬಾಯಿಗೆ ಬರಲಿಲ್ಲ. ಬೆಳಗಾಗುವ ಮುಂಚೆ ಫೋನ್ ಬಂತು. ಸಂಡೂರಿನ ಅದೇ ಸಹೋದರರು. ಈಗ ಅವರು ಬೇರೆಯವರ ಲಾರಿಗೆ ಡ್ರೈವರು. "ಫಾದರ್, ಕಂಪ್ಲಿಯವ್ರು ಎತ್ತರಕ್ಕ ಸಾಮಾನು ಸಾಗಿಸಬೇಕಂದ್ರ ಹೇಳ್ರಿ, ಗಾಡಿ ತರ್ತೀನಿ. ಮಾಲೀಕರ್ನ ಕೇಳೀನಿ." ಅಕ್ಕಿಯ ಮಾತನ್ನು ಅವರು ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಹರಿಯುವ ನೀರಿನ ನಡುವೆಯೇ ನಿವೃತ್ತ ತಜ್ಞ ಕನ್ನಯ್ಯ ನಾಯ್ಡು ಮತ್ತು ಕೆಲಸಗಾರರು ಜೀವದ ಹಂಗು ತೊರೆದು ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಇಳಿಸಿದರು. ಆ ವರ್ಷ ಮಳೆಯೂ ಕೈಹಿಡಿಯಿತು. 2025ರ ಮಳೆಗಾಲದಲ್ಲಿ ಹಳೆಯ ಗೇಟುಗಳ ಸುರಕ್ಷತೆಗಾಗಿ ಜಲಾಶಯವನ್ನು ಪೂರ್ತಿ ತುಂಬಿಸಲಿಲ್ಲ, ಎರಡನೆಯ ಬೆಳೆಯ ಚಿಂತೆ ಮತ್ತೆ ಬಂತು. ಹೀಗೆಯೇ ಇದೆ ನಮ್ಮ ಬದುಕು.

ರೂತಳ ಮಾತಿಗೆ ಬರೋಣ. ಅವಳು ಆಯ್ದ ತೆನೆಗಳೆಲ್ಲ ತಾವಾಗಿ ಉದುರಿದವಲ್ಲ. ಹೊಲದ ಒಡೆಯ ಬೋವಜನು ತನ್ನ ಆಳುಗಳನ್ನು ಕರೆದು, ಸಿವುಡಿನಿಂದ ಬೇಕೆಂದೇ ಒಂದಷ್ಟು ತೆನೆ ಎಳೆದು ಅವಳ ದಾರಿಯಲ್ಲಿ ಬಿಡಿ, ಅವಳನ್ನು ಗದರಿಸಬೇಡಿ ಎಂದು ಹೇಳಿದ್ದ. ಇದು ರೂತಳಿಗೆ ಗೊತ್ತಿತ್ತೋ ಇಲ್ಲವೋ, ಬೈಬಲ್ ಹೇಳುವುದಿಲ್ಲ. ಸಂಜೆ ಅವಳು ಬಡಿದು ಅಳೆದಾಗ ಒಬ್ಬಳು ಆಯುವುದಕ್ಕಿಂತ ಬಹಳ ಹೆಚ್ಚೇ ಇತ್ತು. ಅತ್ತೆ ನವೊಮಿಗೆ ನೋಡಿದೊಡನೆ ಅರ್ಥವಾಯಿತು.

ಪೀಠದ ಬಲಗಡೆ ಹಿಡಿ ಅಕ್ಕಿಯ ಚೀಲಗಳಿವೆ. ಬಲಿಪೂಜೆಯ ನಂತರ ಪೈರಿನ ಆಶೀರ್ವಾದ, ಆಮೇಲೆ ಊಟ. ಯಾರ ಮನೆಯಲ್ಲಿ ಈ ತಿಂಗಳು ಕಷ್ಟವಿದೆಯೋ ಅವರು ನಮ್ಮ ಬಳಿಯೋ ಸಿಸ್ಟರ್ ಬಳಿಯೋ ಬನ್ನಿ. ಸಂಕೋಚವಾದರೆ ಮಕ್ಕಳನ್ನು ಕಳುಹಿಸಿ, ಏನೂ ಕೇಳುವುದಿಲ್ಲ. ಸಂಡೂರಿನ ವ್ಯಾನು ಮೂರು ಗಂಟೆಗೆ ಹೊರಡುತ್ತದೆ. ಕಂಪ್ಲಿಯವರು ಹೋಗುವಾಗಲೂ ನಿಂತು ಹೋಗುವುದು ಬೇಡ. ಗೇಟಿನ ಹೊರಗೆ ಒಂದು ಲಾರಿ ನಿಂತಿದೆ, ಅದರ ಡ್ರೈವರ್ ಈಗ ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಅಜ್ಜಿಯರನ್ನು ಮುಂದಿನ ಸೀಟಿನಲ್ಲಿ ಕೂರಿಸಿ.