ಮಲಗಿದ ಕೂಸನ್ನು ಎಬ್ಬಿಸಬೇಕೆ?



ನಾವು ಈ ಸಂಜೆ ಎತ್ತಿಕೊಂಡಿರುವ ವಿಷಯ ನಾಲ್ಕು ದಿನದ ಕೂಸಿನಷ್ಟೇ ಚಿಕ್ಕದು. ಆದರೆ ರಾತ್ರಿ ಎರಡು ಗಂಟೆಯ ಹೊತ್ತಿನಲ್ಲಿ, ಬಾಣಂತಿಯ ಕೋಣೆಯಲ್ಲಿ, ಅದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದಿರಲಾರದು. ಕೂಸು ಹಾಲು ಕುಡಿದು ನಾಲ್ಕು ಗಂಟೆಯಾಗಿದೆ, ಇನ್ನೂ ನಿದ್ರಿಸುತ್ತಿದೆ. ಎಬ್ಬಿಸಿ ಹಾಲೂಡಿಸಬೇಕೆ, ತಾನಾಗಿ ಏಳಲೆಂದು ಬಿಡಬೇಕೆ?

ಕಾಲೇಜಿನಲ್ಲಿ ಪಾಠ ಹೇಳುವವರಿಗೂ ಈ ಪ್ರಶ್ನೆಗೂ ಏನು ನಂಟೆಂದು ತಾವು ಕೇಳಬಹುದು. ನಮ್ಮ ತಂಗಿಯು ಚೊಚ್ಚಲ ಬಾಣಂತನಕ್ಕೆ ಬಂದಿದ್ದಾಗ ನಂಟು ತಾನಾಗಿಯೇ ಬೆಳೆಯಿತು. ಆಸ್ಪತ್ರೆಯ ದಾದಿಯು ಹೊರಡುವಾಗ, ಮೂರು ಗಂಟೆಗಿಂತ ಹೆಚ್ಚು ಹೊತ್ತು ಹಾಲಿಲ್ಲದೆ ಮಲಗಿಸಬೇಡಿರೆಂದು ಹೇಳಿ ಕಳುಹಿಸಿದ್ದಳು. ನಮ್ಮ ತಾಯಿಯವರಿಗೆ ಅದು ಸರಿಬೀಳಲಿಲ್ಲ. "ಮಲಗಿರುವ ಕೂಸನ್ನು ಯಾರಾದರೂ ಎಬ್ಬಿಸುತ್ತಾರೇನಪ್ಪ! ಹಸಿವಾದರೆ ಅದೇ ಅಳುತ್ತೆ" ಎಂದರು. ತೀರ್ಪು ಹೇಳುವ ಹೊಣೆ ನಮ್ಮ ಮೇಲೆ ಬಿದ್ದಿತು. ಓದಿದವರ ಅಭ್ಯಾಸದಂತೆ ನಾವು ಪುಸ್ತಕವನ್ನು ಮೊರೆಹೊಕ್ಕೆವು.

ಕಾಲೇಜಿನ ಪುಸ್ತಕಾಲಯದಲ್ಲಿ ದೊರೆತದ್ದು ನ್ಯೂಜಿಲೆಂಡಿನ ವೈದ್ಯ ಟ್ರೂಬಿ ಕಿಂಗ್ ಅವರ ಬೋಧನೆ. 1858ರಲ್ಲಿ ಹುಟ್ಟಿ 1938ರಲ್ಲಿ ತೀರಿಕೊಂಡ ಈತನು 1907ರಲ್ಲಿ ತಾಯಿಮಕ್ಕಳ ಆರೋಗ್ಯಕ್ಕಾಗಿ ಒಂದು ಸಂಘವನ್ನೇ ಸ್ಥಾಪಿಸಿದನು. ತಾಯಿಯ ಹಾಲಿಗೆ ಸಮನಾದುದಿಲ್ಲವೆಂದು ಸಾರಿದನು. ಅದು ದೊಡ್ಡ ಮಾತು. ಆದರೆ ಹಾಲನ್ನು ಗಡಿಯಾರಕ್ಕೆ ಕಟ್ಟಿಹಾಕಿದನು. ನಾಲ್ಕು ನಾಲ್ಕು ಗಂಟೆಗೊಮ್ಮೆ ಕುಡಿಸತಕ್ಕದ್ದು, ರಾತ್ರಿ ಕುಡಿಸಲೇಕೂಡದು ಎಂಬುದು ಅವನ ಕಟ್ಟಳೆ. ಇದನ್ನು ಓದಿ ಹೇಳಿದಾಗ ನಮ್ಮ ತಾಯಿಯವರಿಗೆ ಆದ ಸಂತೋಷ ಹೇಳತೀರದು. ಮಗನ ಇಂಗ್ಲಿಷ್ ಪುಸ್ತಕ ತಮ್ಮ ಮಾತನ್ನು ಒಪ್ಪಿದ್ದು ಅದೇ ಮೊದಲು! ಹಳೆಯ ನಂಬಿಕೆಯೂ ಪರದೇಶದ ಶಾಸ್ತ್ರವೂ ಒಂದಾದ ಮೇಲೆ ದಾದಿಯ ಮಾತನ್ನು ಯಾರು ಕೇಳಬೇಕು? ಆ ರಾತ್ರಿ ಕೂಸು ಹತ್ತರಿಂದ ಮೂರೂವರೆಯವರೆಗೆ ಮಲಗಿತು. ಮರುರಾತ್ರಿ ಇನ್ನೂ ಹೆಚ್ಚು. ಎಂಥ ಸಾಧುಕೂಸೆಂದು ಎಲ್ಲರೂ ಹೊಗಳಿದೆವು.

ಐದನೆಯ ದಿನ ಅದರ ಕಣ್ಣಿನ ಬಿಳಿಭಾಗ ಹಳದಿಯಾಗಿ ಕಂಡಿತು. ವೈದ್ಯರು ತಕ್ಕಡಿಯಲ್ಲಿ ಮಲಗಿಸಿ ನೋಡಿದರು. ಹುಟ್ಟುವಾಗ 2,900 ಗ್ರಾಂ ಇದ್ದುದು 2,590ಕ್ಕೆ ಇಳಿದಿತ್ತು.

ಹುಟ್ಟಿದ ಮೊದಲ ದಿನಗಳಲ್ಲಿ ಎಲ್ಲ ಕೂಸುಗಳೂ ಕೊಂಚ ಇಳಿಯುತ್ತವೆ. ನೂರಕ್ಕೆ ಏಳರವರೆಗೆ ಇಳಿದರೆ ಸಾಮಾನ್ಯವಾಗಿ ಭಯವಿಲ್ಲ. ಹತ್ತನ್ನು ಮುಟ್ಟಿದರೆ ವೈದ್ಯರು ನೋಡಲೇಬೇಕು. ನಮ್ಮ ಕೂಸು ಹತ್ತನ್ನು ದಾಟಿತ್ತು. ಅವರು ವಿವರಿಸಿದ ಸಂಗತಿ ನಮ್ಮನ್ನು ನಾಚಿಸಿತು. ಕಾಮಾಲೆಯ ಹಳದಿ ದ್ರವ್ಯವು ಶಿಶುವಿನ ಮಲದೊಡನೆ ಹೊರಹೋಗಬೇಕು. ಹಾಲು ಕಡಮೆಯಾದರೆ ಮಲವೂ ಕಡಮೆ. ಹೊರಹೋಗಬೇಕಾದುದು ಕರುಳಿನಿಂದ ಮರಳಿ ರಕ್ತವನ್ನು ಸೇರುತ್ತದೆ. ಕಾಮಾಲೆ ಏರಿದಂತೆ ಕೂಸಿಗೆ ಮಂಪರು. ಮಂಪರಿನಲ್ಲಿ ಅದು ಹಾಲನ್ನು ಕೇಳುವುದೇ ಇಲ್ಲ. ನಾವು ಸಾಧುತನವೆಂದು ಹೊಗಳಿದ್ದು ಈ ಮಂಪರನ್ನು. ಹಸಿದರೆ ಅಳುತ್ತದೆಂಬುದು ಬಲವುಳ್ಳ ಕೂಸಿನ ಮಾತು. ಅಳುವುದಕ್ಕೂ ಶಕ್ತಿ ಬೇಕಷ್ಟೆ.

ಆದುದರಿಂದ ಹುಟ್ಟಿದಾಗಿನ ತೂಕವನ್ನು ಮರಳಿ ಪಡೆಯುವವರೆಗೆ, ಎಂದರೆ ಸಾಮಾನ್ಯವಾಗಿ ಹತ್ತರಿಂದ ಹದಿನಾಲ್ಕು ದಿನ, ಎಬ್ಬಿಸಿಯೇ ಹಾಲೂಡಿಸಬೇಕು. ಹಗಲುರಾತ್ರಿ ಸೇರಿ ಎಂಟರಿಂದ ಹನ್ನೆರಡು ಸಲ. ತಿಂಗಳು ತುಂಬದೆ ಹುಟ್ಟಿದ, ಇಲ್ಲವೆ 2,500 ಗ್ರಾಮಿಗಿಂತ ಕಡಮೆ ತೂಗುವ ಶಿಶುಗಳ ವಿಷಯದಲ್ಲಿ ಇನ್ನೂ ಹೆಚ್ಚು ಕಾಲ, ವೈದ್ಯರು ಸಾಕೆನ್ನುವವರೆಗೆ. ಇಂಥವರು ವಿರಳರೆಂದು ಯಾರೂ ತಿಳಿಯಬೇಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ತೂಕ ತಿಳಿದಿದ್ದ ಶಿಶುಗಳ ಪೈಕಿ ನೂರಕ್ಕೆ ಸುಮಾರು 18 ಹೀಗೆ ಕಡಮೆ ತೂಕದವು. ರಾತ್ರಿಯ ಹಾಲಿನಿಂದ ತಾಯಿಗೂ ಪ್ರಯೋಜನವುಂಟು: ಹಾಲನ್ನು ಉತ್ಪಾದಿಸುವ ಪ್ರೊಲ್ಯಾಕ್ಟಿನ್ ಎಂಬ ರಸವು ರಾತ್ರಿಯೇ ಹೆಚ್ಚು ಸ್ರವಿಸುತ್ತದೆ. ಎಣ್ಣೆನೀರಾದ ಮೇಲಿನ ಹಗಲುನಿದ್ರೆಯನ್ನೂ ಈ ಲೆಕ್ಕದಿಂದ ಬಿಡತಕ್ಕದ್ದಲ್ಲ. ಸಾಂಬ್ರಾಣಿಯ ಹೊಗೆಯೊಳಗೆ ಐದು ಗಂಟೆ ಮಲಗಿತೆಂದು ಹೆಮ್ಮೆಪಡುವ ಅಜ್ಜಿಯರು ನಮ್ಮಲ್ಲಿ ಬಹುಮಂದಿ. ಹೊಗೆ ಶಿಶುವಿನ ಉಸಿರಿಗೆ ಒಳ್ಳೆಯದಲ್ಲವೆಂಬುದು ಬೇರೆ ಮಾತು.

ಎಬ್ಬಿಸುವುದೂ ಒಂದು ಕಲೆ. ಎಳೆಯ ಶಿಶುವಿನ ನಿದ್ರೆ ಒಂದು ಗಂಟೆಗೂ ಕಡಮೆಯ ಅವಧಿಯಲ್ಲಿ ಗಾಢವೂ ಲಘುವೂ ಆಗುತ್ತಿರುತ್ತದೆ. ಮುಚ್ಚಿದ ರೆಪ್ಪೆಯೊಳಗೆ ಕಣ್ಣು ಹೊರಳಿದಾಗ, ತುಟಿ ಚಪ್ಪರಿಸಿದಾಗ, ಕೈ ಬಾಯಿಯತ್ತ ಹೋದಾಗ ಎತ್ತಿಕೊಂಡರೆ ಸುಲಭವಾಗಿ ಏಳುತ್ತದೆ. ಹೊದಿಕೆ ಬಿಚ್ಚಿ, ಬಟ್ಟೆ ಬದಲಿಸಿ, ಅಂಗಾಲನ್ನು ಮೆಲ್ಲನೆ ತೀಡಿ, ತಾಯಿಯ ಎದೆಯ ಮೇಲೆ ಮೈಗೆ ಮೈ ತಾಕುವಂತೆ ಮಲಗಿಸಿದರೆ ಸಾಕು. ಮುಖಕ್ಕೆ ತಣ್ಣೀರು ಚಿಮುಕಿಸುವುದು ಬೇಡ. ನಾಲಗೆಗೆ ಜೇನು ಸವರುವುದಂತೂ ವರ್ಷ ತುಂಬುವವರೆಗೆ ಕೂಡದು. ಇಷ್ಟಾಗಿಯೂ ಏಳದಿದ್ದರೆ, ಎದ್ದರೂ ಚೀಪದೆ ಜೋತುಬಿದ್ದರೆ, ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು.

ನಮ್ಮ ಕೂಸಿನ ರಕ್ತ ಪರೀಕ್ಷೆ ಮಾಡಿದ ವೈದ್ಯರು, ಸದ್ಯಕ್ಕೆ ಬೆಳಕಿನ ಚಿಕಿತ್ಸೆ ಬೇಡ, ಎರಡೆರಡು ಗಂಟೆಗೆ ಹಾಲೂಡಿಸಿ, ನಾಳೆ ಮತ್ತೆ ತನ್ನಿ ಎಂದರು. ಆ ರಾತ್ರಿಯಿಂದ ಗಡಿಯಾರ ನಮ್ಮ ತಲೆಯ ಬಳಿಗೆ ಬಂದಿತು. ಗಂಟೆ ಬಾರಿಸಿದರೆ ನಾವು ದೀಪ ಹಚ್ಚುವುದು, ತಾಯಿಯವರು ಕೂಸಿನ ಬಟ್ಟೆ ಬಿಚ್ಚುವುದು, ತಂಗಿ ಅರೆನಿದ್ರೆಯಲ್ಲೇ ಎದ್ದು ಕೂರುವುದು. ತಾಯಿಯವರು ಮೊದಲೆರಡು ದಿನ ಗೊಣಗಿದರು. ಆಮೇಲೆ ಒದ್ದೆಬಟ್ಟೆಗಳನ್ನು ಎಣಿಸುವ ಕೆಲಸವನ್ನು ತಾವೇ ವಹಿಸಿಕೊಂಡರು. ದಿನಕ್ಕೆ ಆರು ಬಟ್ಟೆಯಾದರೂ ಒದ್ದೆಯಾದರೆ ಹಾಲು ಸಾಕಾಗುತ್ತಿದೆಯೆಂಬ ಗುರುತನ್ನು ವೈದ್ಯರು ಅವರಿಗೇ ಹೇಳಿಕೊಟ್ಟಿದ್ದರು. ಏಳಾದ ದಿನ ಅಡುಗೆಮನೆಯಿಂದಲೇ ಕೂಗಿ ತಿಳಿಸಿದರು.

ಹದಿಮೂರನೆಯ ದಿನ ತಕ್ಕಡಿ 2,940 ಗ್ರಾಂ ತೋರಿಸಿತು. ಇನ್ನು ರಾತ್ರಿ ಎಬ್ಬಿಸಬೇಕಾಗಿಲ್ಲ, ಕೇಳಿದಾಗ ಕೊಟ್ಟರೆ ಸಾಕೆಂದು ವೈದ್ಯರು ಅಪ್ಪಣೆಯಿತ್ತರು. ಆ ರಾತ್ರಿ ಗಡಿಯಾರಕ್ಕೆ ಗಂಟೆಯ ಕೀಲಿ ಕೊಡದೆ ಎಲ್ಲರೂ ನೆಮ್ಮದಿಯಿಂದ ಮಲಗಿದೆವು. ಒಂದೂಮುಕ್ಕಾಲಿಗೆ ಕೂಸು ಬೀದಿಗೆ ಕೇಳುವಂತೆ ಅತ್ತಿತು.