ಅಣ್ಣಿಗೇರಿಗೆ ವ್ಯಾನ್ ಬೇಕೋ, ಬೀಟ್ ಪೊಲೀಸ್ ಬೇಕೋ?

ಇವತ್ತು ಅಣ್ಣಿಗೇರಿ ಪೊಲೀಸ್ ವಿಚಾರ.

ಪಂಪನ ಊರು ಅಂತ ಎಲ್ಲರಿಗೂ ಗೊತ್ತು. 2011ರ ಜನಗಣತಿಯಲ್ಲಿ ಇಲ್ಲಿನ ಜನಸಂಖ್ಯೆ 28 ಸಾವಿರದ ಆಸುಪಾಸು. ಆಮೇಲೆ ತಾಲೂಕೂ ಆಯ್ತು. ಹುಬ್ಬಳ್ಳಿ-ಧಾರವಾಡಕ್ಕೆ ಪೊಲೀಸ್ ಕಮಿಷನರೇಟ್ ಐತಿ. ಅಣ್ಣಿಗೇರಿ ಠಾಣೆ ಜಿಲ್ಲಾ ಎಸ್‌ಪಿ ಕೆಳಗೆ. ಗದಗ ಹೆದ್ದಾರಿಯಲ್ಲಿ ಅಪಘಾತ ಆದ್ರೂ ಇದೇ ಠಾಣೆಯವರು ಓಡಬೇಕು. ಜಾತ್ರೆ, ಗಣಪತಿ, ಮೊಹರಂ ಬಂದೋಬಸ್ತಿಗೂ ಇವರೇ, ಕೋರ್ಟ್ ಸಮನ್ಸ್ ಮುಟ್ಟಿಸೋರೂ ಇವರೇ. ಇಷ್ಟೆಲ್ಲ ಮುಗಿದ ಮೇಲೆ ರಾತ್ರಿ ಹಳ್ಳಿ ಬೀಟಿಗೆ ಯಾರು ಉಳೀತಾರ?

ಕೃಷಿ ಹೊಂಡದ ಪಂಪಿನ ಕೇಬಲ್ ಕಳುವಾಯ್ತು ಅನ್ಕೋರಿ. ಬೆಲೆ ನಾಲ್ಕು ಸಾವಿರ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲಿ 5,000 ರೂಪಾಯಿಗಿಂತ ಕಡಿಮೆ ಮೌಲ್ಯದ ಸಾದಾ ಕಳವು ಅಸಂಜ್ಞೇಯ ಅಪರಾಧ. ಅಂದ್ರೆ ಮ್ಯಾಜಿಸ್ಟ್ರೇಟ್ ಆದೇಶ ಇಲ್ಲದೆ ಪೊಲೀಸರು ತನಿಖೆ ಮಾಡಂಗಿಲ್ಲ. ದಿಲ್ಲಿಯಲ್ಲಿ ಕೂತವರಿಗೆ ಅದು ಸಣ್ಣ ಕಳವು. ನೀರು ಬಿಡೋ ದಿನ ಕೇಬಲ್ ಇಲ್ಲಂದ್ರೆ ರೈತನ ಕಡ್ಲಿ ಬೆಳೆ ಒಣಗತೈತಿ. ಕಳುವಾದ ಮೇಲೆ ಕಾನೂನು ಇಷ್ಟು ನಿಧಾನ ಅಂದ್ರೆ, ಕಳುವಾಗದಂಗೆ ತಿರುಗಾಡೋ ಪೊಲೀಸ್ ಬೇಕಲ್ರೀ!

ಹಂಗಂತ ವ್ಯಾನ್‌ಗಟ್ಟಲೆ ಪೊಲೀಸ್ ಬಂದ್ರೆ ಸಾಕು ಅನ್ನಂಗಿಲ್ಲ. ನಮ್ಮ ಹಳೇ ತಾಲೂಕು ನವಲಗುಂದದಲ್ಲಿ 1980ರ ಜುಲೈ 21ರಂದು ರೈತರ ಮೇಲೆ ಗೋಲಿಬಾರ್ ಆಯ್ತು. 2016ರಲ್ಲಿ ಮಹದಾಯಿ ಹೋರಾಟದಾಗ ಯಮನೂರಿಗೆ ನುಗ್ಗಿ ಹೆಣ್ಣುಮಕ್ಕಳು, ವಯಸ್ಸಾದವರು ಅನ್ನದೆ ಲಾಠಿ ಬೀಸಿದ್ದನ್ನ ಟಿವಿಯಲ್ಲಿ ರಾಜ್ಯವೇ ನೋಡ್ತು. ಊರಿನ ಮುಖ ಪರಿಚಯ ಇದ್ದವರ ಕೈಯಿಂದ ಅಷ್ಟು ಸುಲಭಕ್ಕೆ ಲಾಠಿ ಬೀಳ್ತಿರಲಿಲ್ಲ ಅಂತ ನನಗನಸ್ತೈತಿ. ಆ ಭಾಗದ ಮಂದಿ ಇವತ್ತಿಗೂ ಠಾಣೆ ಮೆಟ್ಟಿಲು ಹತ್ತೋಕೆ ಹಿಂದೆಮುಂದೆ ನೋಡಿದ್ರೆ ತಪ್ಪೇನೈತಿ?

ಮುಖ ಪರಿಚಯ ಆಗಬೇಕು ಅಂತಲೇ 2025ರ ಜುಲೈನಲ್ಲಿ ಸರ್ಕಾರ 'ಮನೆ ಮನೆಗೆ ಪೊಲೀಸ್' ಶುರು ಮಾಡ್ತು. 40-50 ಮನೆಗಳ ಗುಂಪು ಮಾಡಿ, ಪೊಲೀಸರೇ ಬಾಗಿಲಿಗೆ ಬಂದು ಕಷ್ಟ ಕೇಳಬೇಕು. ಒಳ್ಳೇದೇ. ಆದ್ರೆ ಅದೇ ಕಾನ್‌ಸ್ಟೆಬಲ್‌ನ ನಾಳೆ ಬಂದೋಬಸ್ತಿಗೆ ಹುಬ್ಬಳ್ಳಿಗೆ ಕಳಿಸಿದ್ರೆ ಆ ಮನೆಗಳನ್ನ ಯಾರು ನೋಡ್ತಾರ? ಬೀಟಿಗೆ ಹಾಕಿದವರನ್ನ ಬೀಟಿನಲ್ಲೇ ಬಿಡಬೇಕು, ಕಡಿಮೆ ಬಿದ್ದಷ್ಟು ಸಿಬ್ಬಂದಿ ಕೊಡಬೇಕು.

ಇನ್ನೊಂದು ಮಾತು. ಸಂಜ್ಞೇಯ ಅಪರಾಧ ಆದ್ರೆ ಯಾವ ಠಾಣೆಯಲ್ಲಾದ್ರೂ ದೂರು ಕೊಡಬಹುದು, ಎಫ್‌ಐಆರ್ ಪ್ರತಿ ಪುಕ್ಕಟೆ ಕೊಡಬೇಕು. ತಗೊಳ್ಳಲಿಲ್ಲ ಅಂದ್ರೆ ಎಸ್‌ಪಿಗೆ ಅಂಚೆಯಲ್ಲಿ ಬರೀರಿ. ತುರ್ತು ಇದ್ರೆ 112.

ಹೌದು, ನಿಮ್ಮ ಓಣಿಯ ಬೀಟ್ ಪೊಲೀಸ್ ಯಾರು ಅಂತ ಗೊತ್ತೈತೇನು? ಠಾಣೆಗೆ ಹೋಗಿ ಕೇಳ್ರಿ. ಏನಂದ್ರು ಅಂತ ನನಗೊಂದು ವಾಯ್ಸ್ ಮೆಸೇಜ್ ಹಾಕ್ರಿ.